ಅದೇ ಮ್ಯುಟೇಶನ್, ಅದೇ ಔಷಧಿ, ಬೇರೆ ಫಲಿತಾಂಶ: ಕರುಳಿನ ಕ್ಯಾನ್ಸರ್ ಕೋಶಗಳ ಜೊತೆ ನನ್ನ ಅನುಭವ

ದೊಡ್ಡ ಕರುಳಿನ ಕ್ಯಾನ್ಸರ್ ಬೇರೆ ಅಂಗಗಳಿಗೆ ಹರಡಿದವರಲ್ಲಿ ನೂರಕ್ಕೆ ಎಂಟ್ಹತ್ತು ಜನಕ್ಕೆ ಬಿ-ರಾಫ್ ಅನ್ನೋ ಜೀನ್ ಕೆಟ್ಟಿರುತ್ತದೆ. ಕಡಿಮೆ ಜನವೇ, ಆದರೆ ಅವರ ಕಾಯಿಲೆ ಜೋರು. ಚರ್ಮದ ಕ್ಯಾನ್ಸರ್ ಮೆಲನೋಮದಲ್ಲೂ ಇದೇ ಜೀನ್ ಇದೇ ಜಾಗದಲ್ಲಿ ಕೆಟ್ಟಿರುವುದು ಜಾಸ್ತಿ. ಇದಕ್ಕೆ ವಿ600ಇ ಅಂತ ಹೆಸರು. ಈ ಬದಲಾವಣೆಗೆ ಅಂತಲೇ ಮಾಡಿದ ವೆಮುರಾಫೆನಿಬ್ ಗುಳಿಗೆಗೆ 2011ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಮೆಲನೋಮ ಇದ್ದ ಹೆಚ್ಚುಕಡಿಮೆ ಅರ್ಧ ಜನರಿಗೆ ಗಡ್ಡೆ ಕುಗ್ಗಿತು. ಅದೇ ಗುಳಿಗೆಯನ್ನು ಕರುಳಿನ ಕ್ಯಾನ್ಸರ್‌ನ 21 ಜನರಿಗೆ ಕೊಟ್ಟು ನೋಡಿದಾಗ ಗಡ್ಡೆ ಸರಿಯಾಗಿ ಕುಗ್ಗಿದ್ದು ಒಬ್ಬರಿಗೆ ಮಾತ್ರ.

ಇದ್ಯಾಕೆ ಹೀಗೆ ಅನ್ನೋದಕ್ಕೆ 2012ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ರೆನೆ ಬರ್ನಾರ್ಡ್ಸ್ ತಂಡ ಮತ್ತು ಬಾಸ್ಟನ್‌ನ ಇನ್ನೊಂದು ತಂಡ ಬೇರೆಬೇರೆಯಾಗಿ ಒಂದೇ ಉತ್ತರ ಕೊಟ್ಟವು. ನಾವು ಲ್ಯಾಬಿನಲ್ಲಿ ಹೊಸ ಔಷಧಿ ಜೋಡಿಗಳನ್ನು ಪರೀಕ್ಷಿಸಬೇಕು ಅಂತಿದ್ದೆವು. ಅದಕ್ಕೂ ಮೊದಲು ಆ ಹಳೇ ಉತ್ತರ ನಮ್ಮ ಟೇಬಲ್ ಮೇಲೂ ಬರುತ್ತದಾ ಅಂತ ನೋಡೋಣ ಅಂದುಕೊಂಡೆ. ಬರದಿದ್ದರೆ ಮುಂದಿನ ಯಾವ ಅಂಕಿಯನ್ನೂ ನಂಬೋಕೆ ಆಗಲ್ಲ.

ಕೋಶಗಳನ್ನು ಕಾಪಿಟ್ಟು ಕೊಡುವ ಪುಣೆಯ ಎನ್‌ಸಿಸಿಎಸ್ ಸಂಸ್ಥೆಯಿಂದ ತರಿಸಿದ ಎಚ್‌ಟಿ-29 ಕೋಶಗಳು ನಮ್ಮಲ್ಲಿದ್ದವು. ಕರುಳಿನ ಕ್ಯಾನ್ಸರ್‌ನವು, ವಿ600ಇ ಇರುವವು. ಹೋಲಿಸೋಕೆ ಅದೇ ವಿ600ಇ ಇರುವ ಮೆಲನೋಮ ಕೋಶ ಎ375 ಇಟ್ಟುಕೊಂಡೆ. ಜೊತೆಗೆ ಎಚ್‌ಸಿಟಿ116. ಇದರಲ್ಲಿ ಬಿ-ರಾಫ್ ಸರಿಯಾಗಿದೆ, ಕೆಟ್ಟಿರುವುದು ಕೆ-ರಾಸ್ ಅನ್ನೋ ಇನ್ನೊಂದು ಜೀನ್. ವೆಮುರಾಫೆನಿಬ್‌ಗೆ ಇದು ಬಗ್ಗಬಾರದು, ಬಗ್ಗಿತು ಅಂದರೆ ನಾನು ಹಾಕಿದ ಡೋಸ್ ಸುಮ್ನೆ ವಿಷದ ಹಾಗೆ ಕೆಲಸ ಮಾಡುತ್ತಿದೆ ಅಂತ ಅರ್ಥ.

ಎಚ್‌ಟಿ-29 ಜೊತೆ ಕೆಲಸ ಮಾಡಿದವರಿಗೆ ಗೊತ್ತಿರುತ್ತದೆ, ಅದು ಒಂಟಿಯಾಗಿ ಬೆಳೆಯುವ ಜಾತಿಯಲ್ಲ. ದ್ವೀಪದ ಹಾಗೆ ಗುಂಪುಗುಂಪಾಗಿ ಒತ್ತಿಕೊಂಡು ಕೂರುತ್ತದೆ. ತಟ್ಟೆಗೆ ಅಂಟಿದ ಕೋಶ ಬಿಡಿಸುವ ಟ್ರಿಪ್ಸಿನ್ ಹಾಕಿ ಎಚ್‌ಸಿಟಿ116ಗೆ ಕಾಯುವಷ್ಟೇ ಕಾದರೆ ಉಂಡೆಉಂಡೆಯಾಗಿ ಎದ್ದು ಬರುತ್ತದೆ, ಹಾಗೇ ಎಣಿಸಿ 96 ಬಾವಿಯ (ಅಂದರೆ ಸಣ್ಣ ಗುಳಿಗಳ) ಪ್ಲೇಟಿಗೆ ಹಾಕಿದರೆ ಒಂದು ಬಾವಿಯಲ್ಲಿ ರಾಶಿ, ಪಕ್ಕದ್ದರಲ್ಲಿ ಖಾಲಿ. ಅದಕ್ಕೇ ನಾನು ಮೊದಲು ಪಿಬಿಎಸ್ ಅನ್ನೋ ಉಪ್ಪಿನ ದ್ರಾವಣದಲ್ಲಿ ಚೆನ್ನಾಗಿ ತೊಳೆದು, ಟ್ರಿಪ್ಸಿನ್ ಹಾಕಿ ಸ್ವಲ್ಪ ಜಾಸ್ತಿ ಹೊತ್ತು 37 ಡಿಗ್ರಿಯಲ್ಲಿ ಬಿಟ್ಟು, ಆಮೇಲೆ ಪಿಪೆಟ್‌ನಲ್ಲಿ ನಿಧಾನವಾಗಿ ಮೇಲೆ ಕೆಳಗೆ ಆಡಿಸಿ, ಮೈಕ್ರೋಸ್ಕೋಪ್ ಕೆಳಗೆ ಬಿಡಿಬಿಡಿ ಕೋಶ ಕಂಡ ಮೇಲೇ ಎಣಿಸುತ್ತೇನೆ.

ವೆಮುರಾಫೆನಿಬ್ ನೀರಲ್ಲಿ ಕರಗುವುದಿಲ್ಲ. ಡಿಎಂಎಸ್‌ಒ ಅನ್ನೋ ದ್ರಾವಕದಲ್ಲಿ ಕರಗಿಸಿದ ಗಟ್ಟಿ ಸ್ಟಾಕನ್ನು ನೇರವಾಗಿ ಮೀಡಿಯಂಗೆ, ಅಂದರೆ ಕೋಶ ಬೆಳೆಸುವ ದ್ರವಕ್ಕೆ, ಸುರಿದರೆ ಹರಳು ಕಟ್ಟುವ ಸಾಧ್ಯತೆ ಇದೆ. ಆಗ ಕೋಶಕ್ಕೆ ಎಷ್ಟು ಔಷಧಿ ಸಿಕ್ಕಿತು ಅನ್ನೋದು ದೇವರಿಗೇ ಗೊತ್ತು. ಹಾಗಾಗಿ ಡಿಎಂಎಸ್‌ಒದಲ್ಲೇ ಹಂತಹಂತವಾಗಿ ತೆಳು ಮಾಡಿ, ಕೊನೆಗೆ ಮೀಡಿಯಂನಲ್ಲಿ ಡಿಎಂಎಸ್‌ಒ 0.1 ಶೇಕಡಾ ದಾಟದ ಹಾಗೆ ನೋಡಿಕೊಳ್ಳುತ್ತೇನೆ, ಔಷಧಿ ಹಾಕದ ಬಾವಿಗೂ ಅಷ್ಟೇ ಡಿಎಂಎಸ್‌ಒ ಹಾಕುತ್ತೇನೆ.

ನೋಡಬೇಕಿದ್ದ ಮುಖ್ಯ ವಸ್ತು ಅರ್ಕ್ ಪ್ರೋಟೀನ್. ಕೋಶದ ಮೇಲ್ಮೈಯಲ್ಲಿ ಹೊರಗಿನ ಬೆಳವಣಿಗೆಯ ಸೂಚನೆ ಹಿಡಿಯುವ ಇಜಿಎಫ್‌ಆರ್ ಅನ್ನೋ ಪ್ರೋಟೀನ್ ಇದೆ. ಅದು ರಾಸ್‌ಗೆ ಹೇಳುತ್ತದೆ, ರಾಸ್ ರಾಫ್‌ಗೆ, ರಾಫ್ ಮೆಕ್‌ಗೆ, ಮೆಕ್ ಅರ್ಕ್‌ಗೆ. ಅರ್ಕ್ ಮೇಲೆ ಫಾಸ್ಫೇಟ್ ಕೂತರೆ ಕೋಶಕ್ಕೆ ‘ಬೆಳಿ’ ಅನ್ನೋ ಸೂಚನೆ. ಬಿ-ರಾಫ್ ಕೆಟ್ಟಾಗ ಮೇಲಿಂದ ಯಾರೂ ಹೇಳದೆಯೇ ಅದು ಕೂಗುತ್ತಲೇ ಇರುತ್ತದೆ. ಫಾಸ್ಫೇಟ್ ಇರುವ ಅರ್ಕ್ ಎಷ್ಟಿದೆ ಅಂತ ಪ್ರೋಟೀನ್‌ಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಗೆರೆಗಳಾಗಿ ತೋರಿಸುವ ವೆಸ್ಟರ್ನ್ ಬ್ಲಾಟ್‌ನಲ್ಲಿ ಕಾಣಿಸುತ್ತದೆ, 44 ಮತ್ತು 42 ಕಿಲೋಡಾಲ್ಟನ್ ಹತ್ತಿರ ಜೋಡಿ ಗೆರೆ. ಕೋಶ ಒಡೆಯುವಾಗ ಎಲ್ಲ ಐಸ್ ಮೇಲೇ ಇರಬೇಕು, ಬಫರ್‌ನಲ್ಲಿ ಸೋಡಿಯಂ ಫ್ಲೋರೈಡ್ ಮತ್ತು ಆರ್ಥೋವನಡೇಟ್ ಇರಲೇಬೇಕು. ಇಲ್ಲಾಂದ್ರೆ ಕೋಶದ್ದೇ ಫಾಸ್ಫಟೇಸ್‌ಗಳು ಆ ಫಾಸ್ಫೇಟನ್ನು ಕಿತ್ತು ಹಾಕುತ್ತವೆ, ನೀವು ಔಷಧಿ ಕೆಲಸ ಮಾಡಿತು ಅಂತ ಖುಷಿಪಡುತ್ತೀರಿ.

ಔಷಧಿ ಹಾಕಿ ಎರಡು ಗಂಟೆಗೆ ತೆಗೆದ ಸ್ಯಾಂಪಲ್‌ನಲ್ಲಿ ಎರಡೂ ವಿ600ಇ ಕೋಶಗಳಲ್ಲಿ ಜೋಡಿ ಗೆರೆ ಮಾಯ. ಅಲ್ಲಿಗೇ ನಿಲ್ಲಿಸಿದ್ದರೆ ಕರುಳಿಗೂ ಚರ್ಮಕ್ಕೂ ವ್ಯತ್ಯಾಸವೇ ಇಲ್ಲ ಅನ್ನಬಹುದಿತ್ತು. 24 ಗಂಟೆಯ ಸ್ಯಾಂಪಲ್‌ನಲ್ಲಿ ಎ375ದು ಹೆಚ್ಚುಕಡಿಮೆ ಹಾಗೇ ಮಸುಕು. ಎಚ್‌ಟಿ-29ರಲ್ಲಿ ಗೆರೆ ವಾಪಸ್. ಅದೇ ಸ್ಯಾಂಪಲ್‌ನಲ್ಲಿ ಮೇಲೆ, 175ರ ಹತ್ತಿರ, ಫಾಸ್ಫೇಟ್ ಇರುವ ಇಜಿಎಫ್‌ಆರ್ ಮೊದಲಿಗಿಂತ ಗಾಢವಾಗಿತ್ತು.

2012ರ ಉತ್ತರ ಇದೇ, ಮನೆ ಮೇಲಿನ ಟ್ಯಾಂಕಿನ ಫ್ಲೋಟ್ ವಾಲ್ವ್ ಥರ. ಅರ್ಕ್ ತುಂಬಿದ್ದಾಗ ಅದು ಸಿಡಿಸಿ25ಸಿ ಅನ್ನೋ ಫಾಸ್ಫಟೇಸ್ ಮೂಲಕ ಮೇಲಿನ ಇಜಿಎಫ್‌ಆರ್ ಅನ್ನು ಅದುಮಿ ಇಟ್ಟಿರುತ್ತದೆ. ನಾವು ಔಷಧಿ ಹಾಕಿ ಅರ್ಕ್ ಇಳಿಸಿದ ಕೂಡಲೇ ಫ್ಲೋಟ್ ಕೆಳಗೆ ಬಂತು, ಇಜಿಎಫ್‌ಆರ್ ತೆರೆದುಕೊಂಡಿತು, ರಾಸ್ ಎದ್ದು ಬೇರೆ ದಾರಿಯಲ್ಲಿ ಮತ್ತೆ ಅರ್ಕ್ ತುಂಬಿಸಿತು. ಮೆಲನೋಮ ಕೋಶಗಳಲ್ಲಿ ಇಜಿಎಫ್‌ಆರ್ ಸಾಮಾನ್ಯವಾಗಿ ತೀರಾ ಕಮ್ಮಿ, ಹಾಗಾಗಿ ಅಲ್ಲಿ ಈ ಆಟ ನಡೆಯುವುದಿಲ್ಲ. ಕರುಳಿನ ಒಳಪದರದ ಕೋಶಗಳಲ್ಲಿ ಅದು ಧಾರಾಳ.

ಮುಂದಿನ ಹೆಜ್ಜೆ ಗೊತ್ತಿದ್ದದ್ದೇ, ಬಿ-ರಾಫ್, ಇಜಿಎಫ್‌ಆರ್ ಎರಡನ್ನೂ ಒಟ್ಟಿಗೆ ಮುಚ್ಚಬೇಕು. ಆಸ್ಪತ್ರೆಯಲ್ಲಿ ಇಜಿಎಫ್‌ಆರ್ ಮುಚ್ಚೋಕೆ ಸೆಟುಕ್ಸಿಮ್ಯಾಬ್ ಆಂಟಿಬಾಡಿ ಕೊಡುತ್ತಾರೆ. ನಮ್ಮ ಬಜೆಟ್‌ಗೆ ಅದು ದೂರದ ಮಾತು, ನಾನು ಇಜಿಎಫ್‌ಆರ್ ಅನ್ನೇ ತಡೆಯುವ ಜೆಫಿಟಿನಿಬ್ ಪುಡಿ ಬಳಸಿದೆ, ಆಮ್‌ಸ್ಟರ್‌ಡ್ಯಾಮ್‌ನವರೂ ಬಳಸಿದ್ದರು. ಜೆಫಿಟಿನಿಬ್ ಒಂದನ್ನೇ ಹಾಕಿದರೆ ಎಚ್‌ಟಿ-29ಗೆ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಎರಡೂ ಸೇರಿದಾಗ 24 ಗಂಟೆಯ ಗೆರೆ ಮತ್ತೆ ಮಸುಕಾಯಿತು.

ಎಂಟಿಟಿ ಪರೀಕ್ಷೆಯ ನೇರಳೆ ಬಣ್ಣ ನೋಡಿ ‘ಇಷ್ಟು ಶೇಕಡಾ ಕೋಶ ಸತ್ತವು’ ಅಂತ ಬರೆಯುವವರನ್ನು ಕಂಡರೆ ನನಗೆ ಕಿರಿಕಿರಿ. ಆ ಬಣ್ಣ ಹೇಳೋದು ಕೋಶಗಳ ಚಟುವಟಿಕೆ ಎಷ್ಟಿದೆ ಅಂತ. ನಿಂತ ಕೋಶ ಯಾವುದು, ಸತ್ತ ಕೋಶ ಯಾವುದು ಅಂತ ಅದು ಹೇಳಲ್ಲ. ಮೂರು ದಿನದ ಎಂಟಿಟಿಯಲ್ಲಿ ವೆಮುರಾಫೆನಿಬ್ ಒಂದಕ್ಕೂ ಜೋಡಿಗೂ ವ್ಯತ್ಯಾಸ ಅಷ್ಟೇನೂ ಕಾಣಲಿಲ್ಲ. ಕಡಿಮೆ ಕೋಶ ಹಾಕಿ, ಮೀಡಿಯಂ ಜೊತೆ ಔಷಧಿಯನ್ನೂ ಬದಲಿಸುತ್ತಾ ಎರಡು ವಾರ ಬಿಟ್ಟು, ಕ್ರಿಸ್ಟಲ್ ವಯಲೆಟ್ ಬಣ್ಣ ಹಾಕಿದಾಗ ಕಥೆ ಬೇರೆ. ಒಂದೇ ಔಷಧಿಯ ಬಾವಿಯಲ್ಲಿ ಚುಕ್ಕಿಗಳು, ಅಂದರೆ ಬದುಕಿ ಬೆಳೆದ ಕೋಶಗಳ ಗುಂಪುಗಳು, ದಟ್ಟವಾಗಿದ್ದವು. ಜೋಡಿ ಹಾಕಿದ್ದರಲ್ಲಿ ಅಲ್ಲೊಂದು ಇಲ್ಲೊಂದು.

ಆ ‘ಅಲ್ಲೊಂದು ಇಲ್ಲೊಂದು’ ಮುಖ್ಯ. ಬೀಕನ್ ಅನ್ನೋ ಟ್ರಯಲ್‌ನಲ್ಲಿ ವೆಮುರಾಫೆನಿಬ್ ಥರ ಬಿ-ರಾಫ್ ತಡೆಯುವ ಎನ್‌ಕೊರಾಫೆನಿಬ್ ಜೊತೆ ಸೆಟುಕ್ಸಿಮ್ಯಾಬ್ ಕೊಟ್ಟಾಗ ಸುಮಾರು 20 ಶೇಕಡಾ ಜನರ ಗಡ್ಡೆ ಕುಗ್ಗಿತು, ಹಳೇ ಚಿಕಿತ್ಸೆಯಲ್ಲಿ 2 ಶೇಕಡಾ. 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, 2024ರ ಕೊನೆಗೆ ಕೀಮೋ ಜೊತೆ ಸೇರಿಸಿ ಮೊದಲ ಚಿಕಿತ್ಸೆಯಾಗಿಯೂ ಸಿಕ್ಕಿತು. ದೊಡ್ಡ ಹೆಜ್ಜೆ ಹೌದು. ಆದರೂ ಬಹಳ ಜನರಲ್ಲಿ ಕೆಲ ತಿಂಗಳಿಗೆ ಕಾಯಿಲೆ ಮತ್ತೆ ಎದ್ದೇಳುತ್ತದೆ. ಹಾಗೆ ಎದ್ದವರ ಗಡ್ಡೆಯಲ್ಲಿ ಕೆ-ರಾಸ್, ಮೆಕ್‌ನಂಥ ಜೀನ್‌ಗಳಲ್ಲೇ ಹೊಸ ಬದಲಾವಣೆ ಸಿಕ್ಕಿದ್ದಿದೆ, ಅಂದರೆ ಕೋಶ ಅದೇ ದಾರಿಯಲ್ಲಿ ಇನ್ನೊಂದು ಸಂದಿ ಹುಡುಕಿಕೊಂಡಿದೆ. ನಾನೀಗ ಆ ಉಳಿದ ಚುಕ್ಕಿಗಳನ್ನು ಎತ್ತಿ ಬೇರೆಯಾಗಿ ಬೆಳೆಸುತ್ತಿದ್ದೇನೆ.

ಈ ಕೆಲಸ ಮಾಡ್ತೀನಿ ಅಂತ ಗೊತ್ತಾದ ಮೇಲೆ ಪರಿಚಯದವರು ರಿಪೋರ್ಟ್ ಫೋಟೋ ಕಳಿಸಿ, ‘ಬಿ-ರಾಫ್ ಪಾಸಿಟಿವ್ ಅಂತಿದೆ, ಈ ಗುಳಿಗೆ ತರಿಸಬಹುದಾ?’ ಅಂತ ಕೇಳುತ್ತಾರೆ. ಔಷಧಿ ಹೇಳೋದು ಡಾಕ್ಟರ ಕೆಲಸ, ನಂದಲ್ಲ. ನಾನು ಕೇಳೋದು ಒಂದೇ: ಗಡ್ಡೆಯಲ್ಲಿ ಡಿಎನ್‌ಎ ತಪ್ಪು ತಿದ್ದುವ ವ್ಯವಸ್ಥೆ ಕೆಟ್ಟಿದೆಯಾ ಅಂತ ನೋಡುವ ಎಂಎಸ್‌ಐ ಅಥವಾ ಎಂಎಂಆರ್ ಪರೀಕ್ಷೆಯ ರಿಪೋರ್ಟ್ ಬಂತಾ? ಕರುಳಿನ ವಿ600ಇ ಗಡ್ಡೆಗಳಲ್ಲಿ ಒಂದಷ್ಟು ಪಾಲು ಎಂಎಸ್‌ಐ-ಹೈ, ಅಂದರೆ ಆ ವ್ಯವಸ್ಥೆ ಕೆಟ್ಟಂಥವು ಕೂಡ ಆಗಿರುತ್ತವೆ. ಡಿಎನ್‌ಎ ತಪ್ಪು ತಿದ್ದುವ ಎಂಎಲ್‌ಎಚ್1 ಜೀನ್ ಅಲ್ಲಿ ಮೆಥೈಲೇಶನ್‌ನಿಂದ ಬಾಯಿ ಮುಚ್ಚಿರುತ್ತದೆ. ಅಂಥವರಿಗೆ ಪೆಂಬ್ರೊಲಿಜುಮ್ಯಾಬ್ ಇಮ್ಯುನೋಥೆರಪಿ 2020ರಿಂದಲೇ ಮೊದಲ ಸಾಲಿನ ಚಿಕಿತ್ಸೆ. ಅದಕ್ಕೆ ಒಗ್ಗಿದವರಲ್ಲಿ ಹಲವರಿಗೆ ಅದು ವರ್ಷಗಟ್ಟಲೆ ಹಿಡಿದು ನಿಲ್ಲುತ್ತದೆ. ಇನ್ನೊಂದು, ಎಂಎಲ್‌ಎಚ್1 ಇಲ್ಲದ ಗಡ್ಡೆಯಲ್ಲಿ ವಿ600ಇ ಸಿಕ್ಕರೆ ಮನೆತನದಲ್ಲಿ ಹರಿದು ಬರುವ ಲಿಂಚ್ ಸಿಂಡ್ರೋಮ್ ಇರುವ ಸಾಧ್ಯತೆ ತುಂಬಾ ಕಮ್ಮಿ. ‘ಮಕ್ಕಳಿಗೂ ಬರುತ್ತಾ?’ ಅಂತ ಕೇಳಲು ಹಿಂಜರಿಯುವವರಿಗೆ ಇದನ್ನೂ ಡಾಕ್ಟರ ಹತ್ತಿರ ಕೇಳಿ ಅಂತ ಹೇಳುತ್ತೇನೆ.