ಅಂಗಡಿ ಮೊಟ್ಟೆಗೆ ಕಾವು ಕೊಟ್ಟರೆ ಮರಿ ಬರುತ್ತದೆಯೇ?

ಫಾರಂನಿಂದ ಟ್ರೇಗಳಲ್ಲಿ ಬರುವ ಬಿಳಿ ಮೊಟ್ಟೆಯನ್ನು ಎಷ್ಟೇ ಜತನದಿಂದ ಕಾವಿಗಿಟ್ಟರೂ ಮರಿ ಆಗುವುದಿಲ್ಲ. ಮೊಟ್ಟೆ ಕೋಳಿಯ ಫಾರಂಗಳಲ್ಲಿ ಹುಂಜವನ್ನೇ ಸಾಕುವುದಿಲ್ಲ. ಹುಂಜ ಇಲ್ಲದೆಯೂ ಹೇಂಟೆ ಮೊಟ್ಟೆ ಇಡುತ್ತದೆ, ಆದರೆ ಅದರಲ್ಲಿ ಮರಿಯಾಗುವ ಜೀವ ಇರುವುದಿಲ್ಲ. ಕಂದು ಸಿಪ್ಪೆ ನೋಡಿಯೂ ಮೋಸ ಹೋಗಬಾರದು. ಕಂದು ಮೊಟ್ಟೆ ಇಡುವ ಫಾರಂ ತಳಿಗಳೂ ಇವೆ, ಅವನ್ನೂ ಗೂಡಿನಲ್ಲೇ ಸಾಕುತ್ತಾರೆ. ಸಿಪ್ಪೆಯ ಬಣ್ಣ ತಳಿಯ ಗುಣವೇ ಹೊರತು ಹುಂಜ ಕೂಡಿದ್ದಕ್ಕೆ ಗುರುತಲ್ಲ. ಒಡೆದಾಗ ಒಳಗೆ ರಕ್ತದ ಚುಕ್ಕೆ ಕಂಡರೂ ಅಷ್ಟೇ, ಮೊಟ್ಟೆ ರೂಪುಗೊಳ್ಳುವಾಗ ಸಣ್ಣ ರಕ್ತನಾಳ ಒಡೆದಿರುತ್ತದೆ.

ಅವಕಾಶ ಇರುವುದು ನಾಟಿ ಮೊಟ್ಟೆಗೆ. ನಮ್ಮ ಕೊಡಗಿನ ಗೋಣಿಕೊಪ್ಪ, ಕುಶಾಲನಗರ, ಶನಿವಾರಸಂತೆಯ ಸಂತೆಗಳಲ್ಲಿ ಮತ್ತು ಊರಿನ ಸಣ್ಣ ದಿನಸಿ ಅಂಗಡಿಗಳಲ್ಲಿ ಸಿಗುವ ಮೊಟ್ಟೆ ಹೆಚ್ಚಾಗಿ ಲೈನ್‌ಮನೆ (ತೋಟದ ಕಾರ್ಮಿಕರ ಸಾಲುಮನೆ), ತೋಟದ ಮನೆಗಳಿಂದ ಬಂದಿರುತ್ತದೆ. ಅಲ್ಲಿ ಹತ್ತು ಹೇಂಟೆಗೆ ಒಂದು ಹುಂಜ ಇದ್ದರೂ ಸಾಕು. ಹುಂಜ ಕೂಡಿದ ಮೇಲೆ ಒಂದು ವಾರ, ಕೆಲವೊಮ್ಮೆ ಎರಡು ವಾರದವರೆಗೂ ಹೇಂಟೆ ಫಲಿತ ಮೊಟ್ಟೆ ಇಡುತ್ತದೆ. ಹಾಗಾಗಿ ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತಕ್ಕೆ ಹುಂಜ ಕೊಯ್ದ ಮನೆಯಿಂದಲೂ ಅದಾಗಿ ನಾಲ್ಕೈದು ದಿನದೊಳಗೆ ಇಟ್ಟ ಮೊಟ್ಟೆ ತರಬಹುದು.

ಕೊಳ್ಳುವಾಗ ಅಂಗಡಿಯವರನ್ನು ನಾನು ಕೇಳುವುದು ಒಂದೇ: 'ಅಣ್ಣಾ, ಇದು ಬಂದು ಎಷ್ಟು ದಿನ ಆಯ್ತು?' ಇಟ್ಟು ಏಳು ದಿನದೊಳಗಿನದು ಒಳ್ಳೆಯದು. ಹತ್ತು ದಿನ ದಾಟಿದ ಮೇಲೆ ಮರಿ ಬರುವ ಪ್ರಮಾಣ ದಿನದಿಂದ ದಿನಕ್ಕೆ ಇಳಿಯುತ್ತದೆ. ಕಾವಿಗೆ ಹಾಕುವವರೆಗೆ ಮೊಟ್ಟೆಯನ್ನು ಕಾದಿರಿಸಲು 15ರಿಂದ 18 ಡಿಗ್ರಿ ತಕ್ಕ ಉಷ್ಣತೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಮಡಿಕೇರಿ ಕಡೆಯ ಮನೆಗಳ ತಂಪು ಮೂಲೆಯಲ್ಲಿ ಇದು ಹೆಚ್ಚುಕಡಿಮೆ ತಾನಾಗಿಯೇ ಸಿಗುತ್ತದೆ. ಏಪ್ರಿಲ್‌ ಬಿಸಿಲಿನಲ್ಲಿ ಅಂಗಡಿ ಮುಂದೆ ತೂಗುಹಾಕಿದ ಮೊಟ್ಟೆಯ ಒಳಗೆ ಭ್ರೂಣ ಅರೆಬರೆ ಬೆಳೆಯಲು ಶುರುವಾಗಿ ಸತ್ತಿರುತ್ತದೆ. ಫ್ರಿಜ್ಜಿನಲ್ಲಿ ದಿನಗಟ್ಟಲೆ ಇದ್ದದ್ದನ್ನೂ, ತೊಳೆದದ್ದನ್ನೂ ಬಿಡಿ. ತೊಳೆದರೆ ಸಿಪ್ಪೆಯ ಮೇಲಿನ ರಕ್ಷಣೆಯ ಪದರ ಹೋಗಿ ಕೊಳೆ ಒಳಗಿಳಿಯುತ್ತದೆ.

ಇಪ್ಪತ್ತೊಂದು ದಿನ ಕಾಯುವ ಮೊದಲು ಅದೇ ಬುಟ್ಟಿಯ ಎರಡು ಮೂರು ಮೊಟ್ಟೆಯನ್ನು ತಟ್ಟೆಗೆ ಒಡೆದು ನೋಡಿ, ಆಮೇಲೆ ಆಮ್ಲೆಟ್ ಮಾಡಿಕೊಳ್ಳಬಹುದು. ಹಳದಿಯ ಮೇಲೆ ಒಂದು ಬಿಳಿ ಚುಕ್ಕೆ ಇರುತ್ತದೆ. ಹುಂಜ ಕೂಡದ ಮೊಟ್ಟೆಯಲ್ಲಿ ಅದು ಚಿಕ್ಕದು, ಗಟ್ಟಿ ಬಿಳಿ, ಅಂಚು ಅಂಕುಡೊಂಕು. ಫಲಿತ ಮೊಟ್ಟೆಯಲ್ಲಿ ಮೂರು ನಾಲ್ಕು ಮಿಲಿಮೀಟರ್ ಅಗಲದ ದುಂಡು ಉಂಗುರ, ನಡುವೆ ತುಸು ತಿಳಿ, ಸುತ್ತ ಬಿಳಿ ಅಂಚು. ಕಿಟಕಿ ಬೆಳಕಿನಲ್ಲಿ ಚೆನ್ನಾಗಿ ಕಾಣುತ್ತದೆ. ಒಡೆದ ಮೂರರಲ್ಲೂ ಉಂಗುರ ಇಲ್ಲದಿದ್ದರೆ ಆ ಬುಟ್ಟಿಯನ್ನು ಅಡುಗೆಗೆ ಬಳಸುವುದೇ ಸರಿ.

ಕಾವಿಗೆ ಕೂತ ಹೇಂಟೆ ಸಿಕ್ಕರೆ ಇನ್ಕ್ಯುಬೇಟರ್ (ಕಾವು ಕೊಡುವ ಪೆಟ್ಟಿಗೆ) ಗೊಡವೆಯೇ ಬೇಡ. ಬುಟ್ಟಿಗೆ ಒಣ ಭತ್ತದ ಹುಲ್ಲು ಹಾಕಿ, ಕತ್ತಲಾದ ಮೇಲೆ ಹೊಟ್ಟೆಯಡಿಗೆ ಹತ್ತು ಹನ್ನೆರಡು ಮೊಟ್ಟೆ ಸರಿಸಿ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ನಮ್ಮ ಕಡೆಗೆ ಇದಕ್ಕಿಂತ ನಂಬಿಕೆಯ ದಾರಿ ಇಲ್ಲ.

ಹೇಂಟೆ ಇಲ್ಲದವರಿಗೆ ಮೀನು ಬರುವ ಥರ್ಮಾಕೋಲ್ ಪೆಟ್ಟಿಗೆ ಸಾಕು, ಚೆನ್ನಾಗಿ ತೊಳೆದು ಒಣಗಿಸಿರಬೇಕು. ಅದಕ್ಕೆ 40 ವ್ಯಾಟಿನ ಎರಡು ಹಳೇ ಬಗೆಯ ತಂತಿ ಬಲ್ಬು (ಎಲ್‌ಇಡಿ ಬಿಸಿ ಕೊಡುವುದಿಲ್ಲ), 12 ವೋಲ್ಟಿನ ಕಂಪ್ಯೂಟರ್ ಫ್ಯಾನ್, ಬಿಸಿಯನ್ನು ಹಿಡಿತದಲ್ಲಿಡುವ ಡಬ್ಲ್ಯೂ-1209 ಥರ್ಮೋಸ್ಟಾಟ್, ಒಂದು ತೇವಮಾಪಕ. ಎರಡು ಬಲ್ಬು ಹಾಕುವುದು ಒಂದು ಸುಟ್ಟರೂ ಇನ್ನೊಂದು ಉರಿಯಲಿ ಎಂದು. ಬಲ್ಬುಗಳು ಥರ್ಮೋಸ್ಟಾಟ್ ಮೂಲಕ ಉರಿದು ಆರಲಿ, ಫ್ಯಾನ್ ಮಾತ್ರ ನಿಲ್ಲದೆ ತಿರುಗುತ್ತಿರಬೇಕು. ಬಲ್ಬು ಥರ್ಮಾಕೋಲಿಗೆ ತಾಗಬಾರದು. ಮೊಟ್ಟೆಗೂ ಬಲ್ಬಿಗೂ ಒಂದು ಗೇಣು ಅಂತರ, ನಡುವೆ ತಂತಿ ಬಲೆ. ಗಾಳಿಗೆ ಕೆಳಗೆ ಎರಡು, ಮೇಲೆ ಎರಡು ತೂತು. ಮನೆ ಕರೆಂಟಿನ ಜೋಡಣೆ ತಿಳಿದವರಿಂದಲೇ ಮಾಡಿಸಿ.

ಈ ಥರ್ಮೋಸ್ಟಾಟಿನಲ್ಲಿ ಹಲವರು ಎಡವುವ ಜಾಗ ಪಿ1 ಎಂಬ ಸೆಟ್ಟಿಂಗ್. ಕಾರ್ಖಾನೆಯಿಂದ ಬರುವಾಗ ಅದು 2 ಡಿಗ್ರಿಗೆ ಇರುತ್ತದೆ, ಅಂದರೆ ಬಿಸಿ ಎರಡು ಡಿಗ್ರಿ ಇಳಿಯುವವರೆಗೆ ಬಲ್ಬು ಹತ್ತುವುದಿಲ್ಲ. ಅದನ್ನು 0.3ಕ್ಕೆ ಇಳಿಸಿ, ಪಿ0 ಅನ್ನು ಬಿಸಿ ಮಾಡುವ ಎಚ್‌ಗೆ ಇಟ್ಟು, 37.5ಕ್ಕೆ ಹೊಂದಿಸಿ. ಉಗುರುಬೆಚ್ಚಗಿನ ನೀರಿನಲ್ಲಿ ಜ್ವರ ನೋಡುವ ಥರ್ಮಾಮೀಟರನ್ನೂ ಈ ಸೆನ್ಸರನ್ನೂ ಒಟ್ಟಿಗೆ ಮುಳುಗಿಸಿ ಹೋಲಿಸಿ. ವ್ಯತ್ಯಾಸ ಬಂದರೆ ಪಿ4ರಲ್ಲಿ ಸರಿಪಡಿಸಬಹುದು. ಒಂದು ಡಿಗ್ರಿ ಸುಳ್ಳು ತೋರಿಸುವ ಸೆನ್ಸರ್ ಇಡೀ ಪೆಟ್ಟಿಗೆಯನ್ನೇ ಕೆಡಿಸುತ್ತದೆ. ಮೊಟ್ಟೆ ಇಡುವ ಮೊದಲು ಒಂದು ಹಗಲು, ಒಂದು ರಾತ್ರಿ ಖಾಲಿ ಓಡಿಸಿ.

ಸಂತೆಯಿಂದ ಗುಂಡಿ ರಸ್ತೆಯಲ್ಲಿ ಕುಲುಕಾಡಿ ಬಂದ ಮೊಟ್ಟೆಯನ್ನು ಚೂಪು ತುದಿ ಕೆಳಗಾಗಿ ಒಂದು ದಿನ ಸುಮ್ಮನೆ ನಿಲ್ಲಿಸಬೇಕು, ಒಳಗಿನ ಗಾಳಿಚೀಲ ನೆಲೆಗೆ ಬರಲಿ. ಆಮೇಲೆ ಪೆಟ್ಟಿಗೆಯಲ್ಲಿ ಅಡ್ಡ ಮಲಗಿಸಿ. ಒಂದು ಮಗ್ಗುಲಿಗೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ, ದಿನಕ್ಕೆ ಮೂರು ಅಥವಾ ಐದು ಸಲ ಮಗುಚಿ. ಬೆಸ ಸಂಖ್ಯೆಯಾದರೆ ದೀರ್ಘ ರಾತ್ರಿಯನ್ನು ಮೊಟ್ಟೆ ಪ್ರತಿದಿನ ಅದೇ ಮಗ್ಗುಲಲ್ಲಿ ಕಳೆಯುವುದಿಲ್ಲ. ಮಗುಚದಿದ್ದರೆ ಭ್ರೂಣ ಸಿಪ್ಪೆಯ ಪೊರೆಗೆ ಅಂಟಿಕೊಳ್ಳುತ್ತದೆ.

ಕೊಡಗಿನವರು ತಪ್ಪು ತಿಳಿಯುವುದು ತೇವದ ವಿಷಯದಲ್ಲಿ. ಜುಲೈ ಮಳೆಯಲ್ಲಿ ಹೊರಗೆ ಶೇ 95 ತೇವ ಇದ್ದರೂ ಪೆಟ್ಟಿಗೆಯೊಳಗೆ ಹಾಗಿರುವುದಿಲ್ಲ. 20 ಡಿಗ್ರಿಯ ಆ ಗಾಳಿಯನ್ನೇ 37.5ಕ್ಕೆ ಬಿಸಿ ಮಾಡಿದರೆ ಅದರ ತೇವ ಸುಮಾರು ಶೇ 35ಕ್ಕೆ ಇಳಿಯುತ್ತದೆ. ಜನವರಿಯ ಒಣ ಚಳಿಯಲ್ಲಿ ಅದು ಶೇ 20ಕ್ಕಿಂತಲೂ ಕೆಳಗೆ. ಆದ್ದರಿಂದ ಮಳೆಗಾಲದಲ್ಲಿ ಒಂದು ಸಣ್ಣ ಬಟ್ಟಲು ನೀರು, ಬೇಸಿಗೆ ಮತ್ತು ಚಳಿಗೆ ಅಗಲ ಬಾಯಿಯ ತಟ್ಟೆ. ತೇವ ಹೆಚ್ಚಿಸುವುದು ನೀರಿನ ಆಳ ಅಲ್ಲ, ಅದರ ಮೇಲ್ಮೈ. ಮೊದಲ 18 ದಿನ ಶೇ 45ರಿಂದ 55, ಕೊನೆಯ ಮೂರು ದಿನ 65ರಿಂದ 70. ತೇವಮಾಪಕದ ಮೇಲೆ ನಂಬಿಕೆ ಇಲ್ಲದಿದ್ದರೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ: 50 ಗ್ರಾಂ ಮೊಟ್ಟೆ 18ನೇ ದಿನಕ್ಕೆ 44 ಗ್ರಾಂ ಆಸುಪಾಸಿಗೆ ಬರಬೇಕು.

ಏಳನೇ ದಿನ ಕತ್ತಲೆ ಕೋಣೆಯಲ್ಲಿ ಟಾರ್ಚಿನ ಬೆಳಕಿಗೆ ಮೊಟ್ಟೆಯ ಮೊಂಡು ತುದಿ ಹಿಡಿಯಿರಿ. ಜೀವ ಇದ್ದರೆ ಜೇಡರ ಬಲೆಯ ಹಾಗೆ ಕೆಂಪು ನರಗಳು ಹರಡಿರುತ್ತವೆ, ನಡುವೆ ಕಪ್ಪು ಚುಕ್ಕೆ ಅಲುಗುತ್ತದೆ. ಏನೂ ಕಾಣದೆ ಹಳದಿ ಬೆಳಕು ದಾಟಿದರೆ ಅದು ಬರಡು. ಕೆಂಪು ಉಂಗುರವೊಂದೇ ಇದ್ದರೆ ಭ್ರೂಣ ಸತ್ತಿದೆ. ಇವೆರಡನ್ನೂ ಆಗಲೇ ತೆಗೆಯಿರಿ, ಕೊಳೆತು ಒಡೆದರೆ ಉಳಿದ ಮೊಟ್ಟೆಗಳಿಗೂ ಸೋಂಕು ತಗಲುತ್ತದೆ. ಅಂಗಡಿಯಿಂದ ತಂದ ನಾಟಿ ಮೊಟ್ಟೆಯಲ್ಲಿ ಅರ್ಧದಷ್ಟು ಈ ಹಂತ ದಾಟಿದರೂ ನಾನು ಒಳ್ಳೆಯ ಫಲ ಎಂದೇ ಎಣಿಸುತ್ತೇನೆ.

ಕರೆಂಟ್ ಹೋದರೆ ಗಾಳಿಯ ತೂತು ಬಿಟ್ಟು ಉಳಿದದ್ದಕ್ಕೆ ಕಂಬಳಿ ಹೊದಿಸಿ, ಬಿಸಿನೀರಿನ ಬಾಟಲಿ ಒಳಗಿಡಿ. ಕೆಲವು ತಾಸು ತಣ್ಣಗಾದರೆ ಮರಿ ತಡವಾಗಿ ಬರುತ್ತದೆ, ಅಷ್ಟೇ. ಬಿಸಿ 40 ಡಿಗ್ರಿ ದಾಟಿ ನಿಂತರೆ ಮಾತ್ರ ಉಳಿಯುವುದು ಕಷ್ಟ.

18ನೇ ದಿನ ಮಗುಚುವುದು ನಿಲ್ಲಿಸಿ, ಮುಚ್ಚಳ ಮುಚ್ಚಿ. ಸಿಪ್ಪೆ ಒಡಕು ಬಿಟ್ಟ ಮೇಲೆ ಮರಿ ಹೊರಬರಲು ಒಂದು ಇಡೀ ದಿನ ಹಿಡಿದೀತು. ಕೈ ಹಾಕಿ ಸಿಪ್ಪೆ ಬಿಡಿಸಿದರೆ ನರ ಹರಿದು ರಕ್ತ ಹೋಗುತ್ತದೆ. ಮುಚ್ಚಳ ತೆರೆದರೆ ತೇವ ಇಳಿದು ಪೊರೆ ಒಣಗಿ ಮರಿಯನ್ನು ಬಿಗಿಯುತ್ತದೆ. ಹುಟ್ಟಿದ ಮರಿಗೆ ಹೊಟ್ಟೆಯೊಳಗಿನ ಹಳದಿ ಎರಡು ದಿನಕ್ಕೆ ಸಾಕಾಗುತ್ತದೆ, ಪುಕ್ಕ ಒಣಗುವವರೆಗೂ ಅಲ್ಲೇ ಬಿಡಿ. ಆಮೇಲೆ ಮರಿ ಇರುವ ಜಾಗದ ಬಿಸಿ ಮೊದಲ ವಾರ 33–35 ಡಿಗ್ರಿ, ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಬನ್ನಿ. ಕೋಳಿಗಳ ರಾಣಿಕೇತ್ ರೋಗ ತಡೆಯುವ ಲಸೋಟ ಲಸಿಕೆಯ ಹನಿಯನ್ನು ಐದರಿಂದ ಏಳನೇ ದಿನದೊಳಗೆ ಹಾಕಿಸಿ.