ಅರ್ಜಿಯನ್ನು ಕೊನೆಗೆ ಹಾಕಿದೆ: ವಿದ್ಯಾಸಿರಿ, ರೈತ ವಿದ್ಯಾನಿಧಿ ಪಡೆದ ನನ್ನ ಅನುಭವ

ಬಿ.ಎಸ್ಸಿ. ಓದಿದ ಮೂರು ವರ್ಷಗಳಲ್ಲಿ ಮೊದಲನೆಯ ವರ್ಷ ನನಗೆ ಒಂದು ರೂಪಾಯಿ ವಿದ್ಯಾರ್ಥಿವೇತನವೂ ಬರಲಿಲ್ಲ. ಉಳಿದ ಎರಡು ವರ್ಷಗಳಲ್ಲಿ ರಾಜ್ಯ ಸರ್ಕಾರದ ವಿದ್ಯಾಸಿರಿ ಮತ್ತು ರೈತರ ಮಕ್ಕಳಿಗೆ ಕೊಡುವ ರೈತ ವಿದ್ಯಾನಿಧಿ ಎರಡೂ ಸೇರಿ ಸುಮಾರು 40 ಸಾವಿರ ರೂಪಾಯಿ ಬಂದಿತು. ನನ್ನ ಅರ್ಹತೆ ಮೂರು ವರ್ಷವೂ ಒಂದೇ ಆಗಿತ್ತು. ಬದಲಾದದ್ದು ಕೆಲಸ ಮಾಡಿದ ಕ್ರಮ. ಸಾಮಾನ್ಯವಾಗಿ ಎಲ್ಲರೂ ಮೊದಲು ರಾಜ್ಯದ ವಿದ್ಯಾರ್ಥಿವೇತನ ಜಾಲತಾಣವಾದ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಿ, ಆಮೇಲೆ ಒಂದೊಂದಾಗಿ ಎದುರಾಗುವ ತೊಡಕುಗಳನ್ನು ಬಿಡಿಸುತ್ತಾ ಹೋಗುತ್ತಾರೆ. ನಾನು ಹಣ ಬಂದು ಬೀಳಬೇಕಾದ ಖಾತೆಯಿಂದ ಆರಂಭಿಸಿ ಹಿಂದಕ್ಕೆ ಬಂದೆ, ಅರ್ಜಿಯನ್ನು ಕಟ್ಟಕಡೆಗೆ ಹಾಕಿದೆ. ಹೀಗೆ ಮಾಡುತ್ತೇನೆ ಎಂದಾಗ ರೂಮಿನ ಗೆಳೆಯರು, ಹಿರಿಯ ವಿದ್ಯಾರ್ಥಿಗಳು, ಸೈಬರ್ ಅಂಗಡಿಯವರು ಎಲ್ಲರೂ ಒಂದೇ ಮಾತು ಹೇಳಿದರು: "ಕೊನೆಯ ದಿನಾಂಕ ಮುಗಿದುಹೋಗುತ್ತದೆ, ಮೊದಲು ಅರ್ಜಿ ಹಾಕಿಬಿಡಪ್ಪ." ಆ ಮಾತನ್ನು ಕೇಳಿಯೇ ನಾನು ಮೊದಲ ವರ್ಷವನ್ನು ಕಳೆದುಕೊಂಡಿದ್ದೆ.

ನಮ್ಮದು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ಮೂರೂವರೆ ಎಕರೆ ಮಳೆಯಾಶ್ರಿತ ಭೂಮಿ, ಮೆಕ್ಕೆಜೋಳ ಮತ್ತು ಈರುಳ್ಳಿ. 2021ರಲ್ಲಿ ಪರೀಕ್ಷೆಯಿಲ್ಲದೆ ಪಿಯುಸಿ ಮುಗಿಸಿದ ತಂಡ ನಮ್ಮದು. ಎಸ್‌ಎಸ್‌ಎಲ್‌ಸಿ, ಪ್ರಥಮ ಪಿಯುಸಿ ಅಂಕಗಳನ್ನು ಕೂಡಿಸಿ ನಮಗೆ ಫಲಿತಾಂಶ ಕೊಟ್ಟಿದ್ದರು. ಅದೇ ವರ್ಷ ದಾವಣಗೆರೆಯಲ್ಲಿ ಸರ್ಕಾರಿ ಪದವಿ ಕಾಲೇಜು ಸೇರಿದೆ. ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಹಾಸ್ಟೆಲಿಗೆ ಅರ್ಜಿ ಹಾಕಿದರೂ ಆಯ್ಕೆಪಟ್ಟಿಯಲ್ಲಿ ಹೆಸರು ಬರಲಿಲ್ಲ. ಮೂವರು ಸೇರಿ ರೂಮು ಮಾಡಿದೆವು. ನನ್ನ ಪಾಲಿನ ಬಾಡಿಗೆ ತಿಂಗಳಿಗೆ ಸುಮಾರು 1,000 ರೂಪಾಯಿ, ಊಟಕ್ಕೆ ಇನ್ನೊಂದು 2,000. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆಯಲ್ಲಿ ತಿಂಗಳಿಗೆ 1,500ರಂತೆ 10 ತಿಂಗಳು, ಅಂದರೆ ವರ್ಷಕ್ಕೆ 15,000 ರೂಪಾಯಿ ಆಗ ಸಿಗುತ್ತಿತ್ತು ಎಂಬುದನ್ನು ಬಲ್ಲವರಿಗೆ, ನನ್ನ ಲೆಕ್ಕದಲ್ಲಿ ಆ ಹಣದ ತೂಕ ಎಷ್ಟಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ. ಈರುಳ್ಳಿ ಬೆಲೆ ಬಿದ್ದ ವರ್ಷ ಅಪ್ಪ ರೂಮಿನ ಬಾಡಿಗೆಗೆ ಸಾಲ ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮೊದಲ ವರ್ಷದ ಕಥೆ ಹೀಗಿದೆ. ವಿಶ್ವವಿದ್ಯಾಲಯ, ಕಾಲೇಜುಗಳ ಪ್ರವೇಶ, ಪರೀಕ್ಷೆಗಳನ್ನು ಆನ್‌ಲೈನಿನಲ್ಲಿ ನಡೆಸುವ ಯುಯುಸಿಎಂಎಸ್ ವ್ಯವಸ್ಥೆ ಹೊಸದಾಗಿ ಬಂದ ವರ್ಷವಾದ್ದರಿಂದ ನಮ್ಮ ನೋಂದಣಿ ಸಂಖ್ಯೆ ಕೈಗೆ ಬರುವುದೇ ತಡವಾಯಿತು. ಸಂಖ್ಯೆ ಬಂದ ದಿನವೇ ಸೈಬರ್ ಅಂಗಡಿಗೆ ಓಡಿ 200 ರೂಪಾಯಿ ಕೊಟ್ಟು ಅರ್ಜಿ ತುಂಬಿಸಿದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಕೊನೆಗೆ ಒಂದಕ್ಷರದ ಇನಿಷಿಯಲ್ ಇದೆ. ಆಧಾರ್‌ನಲ್ಲಿ ಆ ಜಾಗದಲ್ಲಿ ಅಪ್ಪನ ಪೂರ್ಣ ಹೆಸರಿತ್ತು. ಜಾತಿ ಮತ್ತು ಆದಾಯ ಪ್ರಮಾಣಪತ್ರದಲ್ಲಿ ಇನಿಷಿಯಲ್ಲೇ ಇರಲಿಲ್ಲ. ಆ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆ ಹಾಕಿದಾಗ ಹೆಸರು ಹೊಂದುತ್ತಿಲ್ಲ ಎಂಬ ಸೂಚನೆ ಬಂದಿತು. ಹೊಸ ಪ್ರಮಾಣಪತ್ರಕ್ಕೆ ನಾಡಕಚೇರಿಗೆ, ಅಲ್ಲಿಂದ ಗ್ರಾಮ ಲೆಕ್ಕಾಧಿಕಾರಿಗಳ ಬಳಿಗೆ, ಮತ್ತೆ ಕಾಲೇಜಿನ ದೃಢೀಕರಣಕ್ಕೆ ಎಂದು ಓಡಾಡಿ, ಕೊನೆಯ ದಿನಾಂಕವನ್ನು ಮುಂದೂಡಿದ್ದರಿಂದ ಹೇಗೋ ಅರ್ಜಿ ಸಲ್ಲಿಸಿದೆ. ಬಸ್ಸಿನ ಖರ್ಚು, ಜೆರಾಕ್ಸ್, ನೋಟರಿ, ಸೈಬರ್ ಎಲ್ಲ ಸೇರಿ ಅಂದಾಜು 1,700 ರೂಪಾಯಿ ಹೋಯಿತು. ತಿಂಗಳುಗಟ್ಟಲೆ ಕಾದ ಮೇಲೆ ಅರ್ಜಿ ಮಂಜೂರಾಗಿದೆ ಎಂದು ತೋರಿಸಿತು, ಆದರೆ ಹಣ ಬರಲಿಲ್ಲ.

ಬ್ಯಾಂಕಿನಲ್ಲಿ ವಿಚಾರಿಸಿದರೆ "ನಿನ್ನ ಖಾತೆಗೆ ಆಧಾರ್ ಲಿಂಕ್ ಆಗಿದೆಯಲ್ಲ" ಎಂದು ಕಳುಹಿಸಿದರು. ಮೂರನೆಯ ಬಾರಿ ಹೋದಾಗ ಇನ್ನೊಬ್ಬ ಸಿಬ್ಬಂದಿ ನಿಜ ಸಂಗತಿಯನ್ನು ತಿಳಿಸಿದರು. ಖಾತೆಗೆ ಆಧಾರ್ ಸಂಖ್ಯೆಯನ್ನು ಸೇರಿಸುವುದೇ ಬೇರೆ, ಬ್ಯಾಂಕುಗಳ ನಡುವಿನ ಪಾವತಿಗಳನ್ನು ನಡೆಸುವ ಎನ್‌ಪಿಸಿಐ ಸಂಸ್ಥೆಯಲ್ಲಿ ಆಧಾರನ್ನು ಒಂದು ಬ್ಯಾಂಕಿಗೆ ಮ್ಯಾಪಿಂಗ್ ಮಾಡಿಸುವುದೇ ಬೇರೆ. ಎಷ್ಟು ಖಾತೆಗಳಿಗೆ ಬೇಕಾದರೂ ಆಧಾರ್ ಸೇರಿಸಬಹುದು. ಆದರೆ ಸರ್ಕಾರದ ನೇರ ನಗದು ವರ್ಗಾವಣೆಯ ಹಣ ಮ್ಯಾಪ್ ಆಗಿರುವ ಒಂದೇ ಬ್ಯಾಂಕಿಗೆ ಹೋಗುತ್ತದೆ. ನನ್ನದು ಮ್ಯಾಪ್ ಆಗಿದ್ದದ್ದು ಪ್ರೌಢಶಾಲೆಯಲ್ಲಿದ್ದಾಗ ಊರಿನ ಬ್ಯಾಂಕಿನಲ್ಲಿ ತೆರೆದ ಶೂನ್ಯ ಶಿಲ್ಕಿನ ಖಾತೆಗೆ. ಎರಡು ವರ್ಷಕ್ಕೂ ಹೆಚ್ಚು ಕಾಲ ಅದರಲ್ಲಿ ಒಂದೂ ವ್ಯವಹಾರ ನಡೆಯದೆ ಅದು ನಿಷ್ಕ್ರಿಯವಾಗಿತ್ತು. ದಾವಣಗೆರೆಯ ಪಾಸ್‌ಬುಕ್ಕಿನಲ್ಲಿ ಪ್ರತಿ ವಾರ ಎಂಟ್ರಿ ಹಾಕಿಸುತ್ತಾ, ಎಂದೂ ಬರಲಾರದ ಹಣಕ್ಕೆ ನಾನು ಕಾದಿದ್ದೆ.

ಎರಡನೆಯ ವರ್ಷ ಕ್ರಮವನ್ನು ತಿರುಗಿಸಿದೆ. ಅರ್ಜಿಯ ಪ್ರಕಟಣೆ ಬರುವುದಕ್ಕೆ ಮೂರು ತಿಂಗಳ ಮೊದಲೇ ಊರಿನ ಖಾತೆಯನ್ನು ಮುಚ್ಚಿಸಿ, ದಾವಣಗೆರೆಯ ಖಾತೆಗೆ ಮ್ಯಾಪಿಂಗ್ ಬದಲಾಯಿಸಲು ಲಿಖಿತವಾಗಿ ಕೇಳಿದೆ. ಬಾಯಿಮಾತಿನಲ್ಲಿ ಕೇಳಬೇಡಿ, ಅರ್ಜಿಯ ಪ್ರತಿಯ ಮೇಲೆ ಬ್ಯಾಂಕಿನ ಮೊಹರು ಹಾಕಿಸಿಕೊಳ್ಳಿ. ಆಧಾರ್ ಜಾಲತಾಣದಲ್ಲಿ ಬ್ಯಾಂಕಿನ ಹೆಸರು, ಸಕ್ರಿಯವೋ ಅಲ್ಲವೋ ಎಂಬುದು ಮತ್ತು ದಿನಾಂಕ ಕಾಣಿಸುವವರೆಗೆ ಮುಂದಿನ ಹೆಜ್ಜೆ ಇಡಲಿಲ್ಲ. ನನಗೆ ಐದಾರು ದಿನ ಹಿಡಿಯಿತು. ಅದಾದ ಮೇಲೆ 50 ರೂಪಾಯಿ ಕಟ್ಟಿ ಆಧಾರ್‌ನಲ್ಲಿನ ಹೆಸರನ್ನು ಅಂಕಪಟ್ಟಿಯಲ್ಲಿರುವಂತೆಯೇ ತಿದ್ದಿಸಿದೆ. ಅಂಕಪಟ್ಟಿಯನ್ನು ತಿದ್ದಿಸಲು ಹೊರಟವರು ವರ್ಷ ಕಳೆದರೂ ಅಲೆಯುತ್ತಿರುವುದನ್ನು ಕಂಡಿದ್ದೆ, ಹಾಗಾಗಿ ಉಳಿದೆಲ್ಲ ದಾಖಲೆಗಳನ್ನೂ ಅದಕ್ಕೇ ಹೊಂದಿಸಿದೆ. ಆಧಾರ್ ತಿದ್ದುಪಡಿಯಾದ ಬಳಿಕವೇ ಹೊಸ ಜಾತಿ ಮತ್ತು ಆದಾಯ ಪ್ರಮಾಣಪತ್ರ ಪಡೆದೆ. ಐದು ವರ್ಷ ಚಾಲ್ತಿಯಲ್ಲಿರುವ ಪತ್ರವಾದ್ದರಿಂದ ಪದವಿ ಮುಗಿಯುವವರೆಗೆ ಅದರ ಚಿಂತೆಯಿಲ್ಲ. ಗ್ರಾಮ ಲೆಕ್ಕಾಧಿಕಾರಿಗಳ ವರದಿ ನಾಲ್ಕೇ ದಿನದಲ್ಲಿ ಮುಗಿಯುವಂತೆ ಮಾಡಿದ ಬಗೆಯೊಂದಿದೆ. ಲಂಚವಲ್ಲ, ಶಿಫಾರಸೂ ಅಲ್ಲ, ಆದರೆ ಅದನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಹಾಗೆಯೇ ಮಾಡತೊಡಗಿದರೆ ಆ ದಾರಿ ಮುಚ್ಚಿಹೋಗುತ್ತದೆ.

ಹೆಚ್ಚು ಕಷ್ಟವಾದದ್ದು ರೈತ ವಿದ್ಯಾನಿಧಿ. 2021ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಬಿ.ಎ., ಬಿ.ಎಸ್ಸಿ., ಬಿ.ಕಾಂ. ಓದುವ ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500 ರೂಪಾಯಿ ಇತ್ತು. ಇದಕ್ಕೆ ತಂದೆ ಅಥವಾ ತಾಯಿಯ ಹೆಸರಿನಲ್ಲಿ ರೈತರನ್ನು ನೋಂದಾಯಿಸುವ ಫ್ರೂಟ್ಸ್ ತಂತ್ರಾಂಶದ ಎಫ್‌ಐಡಿ, ಅಂದರೆ ರೈತ ಗುರುತಿನ ಸಂಖ್ಯೆ ಇರಬೇಕು, ಎಫ್‌ಐಡಿಗೆ ಪಹಣಿಯಲ್ಲಿ ಹೆಸರಿರಬೇಕು. ನಮ್ಮ ಪಹಣಿಯಲ್ಲಿ ತೀರಿಹೋಗಿ ಹನ್ನೊಂದು ವರ್ಷವಾಗಿದ್ದ ತಾತನ ಹೆಸರೇ ಇತ್ತು. ಪೌತಿ ಖಾತೆ, ಅಂದರೆ ತೀರಿಹೋದವರ ಹೆಸರಿನ ಭೂಮಿಯನ್ನು ವಾರಸುದಾರರ ಹೆಸರಿಗೆ, ಮಾಡಿಸೋಣ ಎಂದಾಗ ದೊಡ್ಡಪ್ಪ, "ಐದು ಸಾವಿರಕ್ಕೋಸ್ಕರ ಹೊಲದ ಖಾತೆ ಬದಲಾಯಿಸ್ತೀಯೇನೋ ತಮ್ಮಾ" ಎಂದು ಸಿಟ್ಟಾದರು. ಅವರ ಭಯ ನನಗೆ ಅರ್ಥವಾಗುತ್ತಿತ್ತು. ಖಾತೆಗೆ ಕೈ ಹಚ್ಚಿದರೆ ಅಣ್ಣತಮ್ಮಂದಿರಲ್ಲಿ ಪಾಲಿನ ಮಾತು ಏಳುತ್ತದೆ. ಎರಡು ತಿಂಗಳು ನಾನು ಆ ವಿಷಯವನ್ನೇ ಎತ್ತಲಿಲ್ಲ. ಮುಂಗಾರಿನ ಹೊತ್ತಿಗೆ ರೈತ ಸಂಪರ್ಕ ಕೇಂದ್ರದಲ್ಲಿ ಸಬ್ಸಿಡಿ ಬೀಜ ಕೊಳ್ಳಲು ಎಫ್‌ಐಡಿ ಕೇಳಿದಾಗ, ಬೆಳೆ ಪರಿಹಾರಕ್ಕೂ ಅದೇ ಬೇಕೆಂದು ಅಲ್ಲಿಯ ಅಧಿಕಾರಿ ತಿಳಿಸಿದಾಗ, ದೊಡ್ಡಪ್ಪನವರೇ "ಅದೇನೋ ಮಾಡಿಸ್ತೀನಿ ಅಂದಿದ್ಯಲ್ಲ, ಮಾಡ್ಸು" ಎಂದರು. ವಂಶವೃಕ್ಷ, ತಾತನ ಮರಣ ಪ್ರಮಾಣಪತ್ರ, ಮೂವರು ಅಣ್ಣತಮ್ಮಂದಿರ ಒಪ್ಪಿಗೆ ಎಲ್ಲವನ್ನೂ ಜೋಡಿಸಿ ಜಂಟಿ ಖಾತೆ ಆಗುವಷ್ಟರಲ್ಲಿ ಹತ್ತಿರ ಹತ್ತಿರ ಐದು ತಿಂಗಳಾದವು, ಖರ್ಚು ಎರಡೂವರೆ ಸಾವಿರದ ಆಸುಪಾಸು. ಈಗ ಮೂರು ಮನೆಗಳಿಗೂ ಎಫ್‌ಐಡಿ ಇದೆ, ದೊಡ್ಡಪ್ಪನ ಮಗಳಿಗೂ ಅವಳ ಕಾಲೇಜಿನ ವರ್ಷಗಳ ಹಣ ಬಂದಿದೆ.

ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಜಾಲತಾಣವಾದ ಎನ್‌ಎಸ್‌ಪಿ ಮೂಲಕ ಸಿಗುವ ಪ್ರತಿಭಾ ವಿದ್ಯಾರ್ಥಿವೇತನವನ್ನೂ ಪರಿಶೀಲಿಸಿದೆ. ಅದು ಪದವಿ ವಿದ್ಯಾರ್ಥಿಗಳಿಗೆ ವರ್ಷಕ್ಕೆ 12,000 ರೂಪಾಯಿ. ಪಿಯುಸಿಯಲ್ಲಿ ಮೇಲಿನ ಶೇ. 20ರೊಳಗೆ ಇರಬೇಕು, ಬೇರೆ ವಿದ್ಯಾರ್ಥಿವೇತನ ಪಡೆಯುತ್ತಿರಬಾರದು. ವಿದ್ಯಾಸಿರಿಯ 15,000 ಬಿಟ್ಟು ಅದರ ಹಿಂದೆ ಹೋಗುವುದು ನನಗೆ ನಷ್ಟ. ವಿದ್ಯಾಸಿರಿಗೆ ಅರ್ಹತೆಯಿಲ್ಲದ, ಕುಟುಂಬದ ಆದಾಯ ನಾಲ್ಕೂವರೆ ಲಕ್ಷದೊಳಗಿರುವ ಗೆಳೆಯನೊಬ್ಬನಿಗೆ ಮಾತ್ರ ನಾನೇ ಕುಳಿತು ಅದನ್ನು ತುಂಬಿಕೊಟ್ಟೆ, ಅವನಿಗೆ ಬಂದಿತು.

ಅರ್ಜಿ ಸಲ್ಲಿಸುವ ಹೊತ್ತಿನ ಬಗ್ಗೆಯೂ ಒಂದು ಪ್ರಯೋಗ ಮಾಡಿದೆ. ಹತ್ತು ದಿನ ಬೇರೆ ಬೇರೆ ವೇಳೆಯಲ್ಲಿ ಲಾಗಿನ್ ಆಗಿ ಒಟಿಪಿ ಎಷ್ಟು ಹೊತ್ತಿಗೆ ಬರುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಸಂಜೆ 7ರಿಂದ 10ರವರೆಗೆ ಹೆಚ್ಚಿನ ಸಲ ಬರಲೇ ಇಲ್ಲ, ಬೆಳಗಿನ 5ರ ಹೊತ್ತಿಗೆ ಅರ್ಧ ನಿಮಿಷದೊಳಗೆ ಬಂದಿತು. ನನ್ನ ಅರ್ಜಿಯನ್ನು ಬೆಳಗ್ಗೆ ಐದೂಕಾಲಕ್ಕೆ, ನನ್ನದೇ ಮೊಬೈಲಿನಲ್ಲಿ, ಹದಿನೆಂಟು ನಿಮಿಷದಲ್ಲಿ ಮುಗಿಸಿದೆ. ಕೊನೆಯ ದಿನಾಂಕಕ್ಕೆ ಇನ್ನೂ ಒಂಬತ್ತು ದಿನ ಬಾಕಿಯಿತ್ತು. ಮತ್ತೊಂದು ಪ್ರಯೋಗ ಖಾತೆಯದು: ತರಗತಿಯ ಹನ್ನೆರಡು ಮಂದಿಯ ಮ್ಯಾಪಿಂಗ್ ದಿನಗಳನ್ನು ಹೋಲಿಸಿದಾಗ, ಅಂಚೆ ಕಚೇರಿಯಲ್ಲಿ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದವರಿಗೆ ಎರಡು ಮೂರು ದಿನದಲ್ಲೇ ಆಯಿತು, ಉಳಿದವರಿಗೆ ವಾರದಿಂದ ಇಪ್ಪತ್ತು ದಿನ. 2023ರಲ್ಲಿ ಗೃಹಲಕ್ಷ್ಮಿ ಹಣ ಬಾರದೆ ಅಮ್ಮ ಪರದಾಡುತ್ತಿದ್ದಾಗ ಇದೇ ಅನುಭವ ಕೆಲಸಕ್ಕೆ ಬಂದಿತು. ಅಂಚೆ ಖಾತೆ ಮಾಡಿಸಿದ ಮೇಲೆ ಮುಂದಿನ ಕಂತು ಬಂದಿತು.

ಮೂರನೆಯ ವರ್ಷ ನಮ್ಮ ತರಗತಿಯ ಮೂವತ್ತು ಮಂದಿಗೆ ನಾನೇ ಈ ಕ್ರಮದಲ್ಲಿ ಮಾಡಿಸಿದೆ, ಇಪ್ಪತ್ತಾರು ಮಂದಿಗೆ ಹಣ ಬಂದಿತು. ಅಂದು ಅರ್ಜಿ ಮೊದಲು ಹಾಕಿಬಿಡು ಎಂದಿದ್ದ ಸೈಬರ್ ಅಂಗಡಿಯವರು ಈಗ ತಮ್ಮಲ್ಲಿಗೆ ಬರುವ ಹುಡುಗರನ್ನು ಮೊದಲು ಮ್ಯಾಪಿಂಗ್ ನೋಡಿಕೊಂಡು ಬರುವಂತೆ ಹಿಂದಕ್ಕೆ ಕಳುಹಿಸುತ್ತಾರೆ. ಹಣ ಬಾರದ ನಾಲ್ವರಲ್ಲಿ ಇಬ್ಬರು ಮ್ಯಾಪಿಂಗ್ ಸರಿಯಾದ ಮೇಲೆ ಮೊಬೈಲ್ ಅಂಗಡಿಯೊಂದರಲ್ಲಿ ಆಧಾರ್ ಕೊಟ್ಟು ಇನ್ನೊಂದು ಖಾತೆ ತೆರೆದಿದ್ದರು, ಮ್ಯಾಪಿಂಗ್ ಅಲ್ಲಿಗೆ ಸರಿದುಹೋಗಿತ್ತು. ಉಳಿದಿಬ್ಬರ ಅರ್ಜಿ ಕಾಲೇಜಿನ ಹಂತದಲ್ಲೇ ನಿಂತುಹೋಯಿತು, ಅದಕ್ಕೆ ಕಾರಣ ನನಗೆ ಸಿಗಲಿಲ್ಲ.