ರಾತ್ರಿ ಎರಡೂವರೆಗೆ ಹೊರಡಿ: ಮನಾಲಿಯ ಏಪ್ರಿಲ್ ಹಿಮದಲ್ಲಿ ನನ್ನ ಅನುಭವ

ಈ ಏಪ್ರಿಲ್‌ನಲ್ಲಿ ಮನಾಲಿ ಹತ್ತಿರದ ಭೃಗು ಸರೋವರದ ಕಡೆಗೆ ನಾನು ಸ್ಕೀ ಮೇಲೆ ಕರೆದುಕೊಂಡು ಹೋದ ಗುಂಪುಗಳೆಲ್ಲ ಬೆಳಿಗ್ಗೆ ಹತ್ತೂವರೆಯೊಳಗೆ ಕ್ಯಾಂಪಿಗೆ ವಾಪಸ್ ಬಂದಿವೆ. ರಾತ್ರಿಯೇ ಹೊರಟು, ಹಿಮ ಬಿಸಿಲಿಗೆ ಮೆತ್ತಗಾಗಿ ಕುಸಿಯುವ ಮೊದಲೇ ಇಳಿಯುವ ಈ ಯೋಜನೆಯನ್ನು ಕೆಲವು ವರ್ಷದ ಹಿಂದೆ ಹೇಳಿದಾಗ ಯಾರೂ ಒಪ್ಪಿರಲಿಲ್ಲ. "ಅಣ್ಣಾ, ದುಡ್ಡು ಕೊಟ್ಟು ಬರೋರು ರಾತ್ರಿ ಎರಡಕ್ಕೆ ಏಳ್ತಾರಾ?" ಅಂತ ನನ್ನ ಜೊತೆ ಕೆಲಸ ಮಾಡುವ ದಾವಣಗೆರೆ ಹುಡುಗನೇ ಕೇಳಿದ್ದ. ಎದ್ದರು. ಅವರಲ್ಲಿ ಅರ್ಧದಷ್ಟು ಜನ ಮುಂದಿನ ಸೀಸನ್‌ಗೆ ಮುಂಗಡವನ್ನೂ ಕಟ್ಟಿದ್ದಾರೆ.

ಬೀಕನ್ (ಹಿಮದಡಿ ಸಿಕ್ಕವರನ್ನು ಹುಡುಕುವ ರೇಡಿಯೋ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕಡ್ಡಿ), ಸಲಿಕೆ, ಇಳಿಜಾರು ಅಳೆಯುವುದು, 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ ಹಿಮಕುಸಿತದ ಅಪಾಯ, ಇದೆಲ್ಲ ನಿಮಗೆ ಗೊತ್ತಿರುವುದೇ. ನೇರವಾಗಿ ನನ್ನ ಪದ್ಧತಿಗೆ ಬರುತ್ತೇನೆ. ರಾತ್ರಿ ಹಿಮ ಹೆಪ್ಪುಗಟ್ಟಿದರೆ ಹೋಗುತ್ತೇವೆ. ಇಲ್ಲದಿದ್ದರೆ ಹೋಗುವುದಿಲ್ಲ, ಆ ದಿನದ ದುಡ್ಡು ವಾಪಸ್.

ಬಹಳ ಜನ ಮೊಬೈಲಿನಲ್ಲಿ ಗಾಳಿಯ ತಾಪಮಾನ ನೋಡಿ ತೀರ್ಮಾನ ಮಾಡುತ್ತಾರೆ. ವಸಂತದಲ್ಲಿ ಅದು ಕೈಕೊಡುತ್ತದೆ. ಆಕಾಶ ಶುಭ್ರವಾಗಿದ್ದ ರಾತ್ರಿ ಕ್ಯಾಂಪಲ್ಲಿ ಗಾಳಿ +2 ಇದ್ದರೂ ಹಿಮದ ಮೇಲ್ಮೈ -6, -7ರವರೆಗೆ ಇಳಿದಿದ್ದನ್ನು ನೋಡಿದ್ದೇನೆ. ಹಿಮ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ಮೋಡ ಮುಚ್ಚಿತೋ, ಆ ದಾರಿ ಬಂದ್. ಆಗ ಬೆಳಗಿನ ಜಾವಕ್ಕೂ ಮೇಲ್ಮೈ ಸೊನ್ನೆಯಲ್ಲೇ ಇರುತ್ತದೆ, ಕಾಲಿಟ್ಟರೆ ನೆನೆದ ಸಕ್ಕರೆಯ ಹಾಗೆ ಜಾರುತ್ತದೆ. ಹಾಗಾಗಿ ರಾತ್ರಿ ಹನ್ನೊಂದಕ್ಕೆ ಮತ್ತು ಎರಡಕ್ಕೆ ಟೆಂಟಿನಿಂದ ಹೊರಬಂದು ನಕ್ಷತ್ರ ಕಾಣುತ್ತಾ ಅಂತ ನೋಡುವುದೇ ನನ್ನ ಮೊದಲ ಕೆಲಸ.

ಮೇಲ್ಮೈಯ ತಾಪಮಾನ ಅಳೆಯಲು ಸುಮಾರು 1,500 ರೂಪಾಯಿಯ ಇನ್‌ಫ್ರಾರೆಡ್ ಗನ್ ಸಾಕು. ಮೊದಲು ಹಿಮ ಮತ್ತು ನೀರು ಕಲಸಿದ ಡಬ್ಬಿಗೆ ಹಿಡಿಯಿರಿ. ಅಲ್ಲಿ ಸೊನ್ನೆ ತೋರಿಸಬೇಕು. ನನ್ನದು ಒಂದೂವರೆ ಡಿಗ್ರಿ ಹೆಚ್ಚು ತೋರಿಸುತ್ತದೆ, ಅಷ್ಟು ಕಳೆದುಕೊಳ್ಳುತ್ತೇನೆ. ಗನ್ ಚಳಿಯಲ್ಲೇ ಇರಲಿ, ಬ್ಯಾಟರಿ ಮಾತ್ರ ಒಳಜೇಬಿನಲ್ಲಿರಲಿ. ಬೆಚ್ಚಗಿದ್ದ ಗನ್ ತಕ್ಷಣ ಹೊರಗೆ ತಂದರೆ ಸುಮ್ನೆ ಏನೇನೋ ತೋರಿಸುತ್ತದೆ.

ಅಷ್ಟರಿಂದಲೇ ಹೊರಟುಬಿಡಬೇಡಿ. ಎರಡು ಸೆಂಟಿಮೀಟರ್ ಪದರವೂ ಕತ್ತಲಲ್ಲಿ ಗಟ್ಟಿಯಾಗೇ ಇರುತ್ತದೆ, ಬಿಸಿಲು ಬಿದ್ದ ಒಂದು ಗಂಟೆಗೆ ಹೋಯಿತು. ಸಲಿಕೆಯಿಂದ ಕಡಿದು ನೋಡುತ್ತೇನೆ. ಗಟ್ಟಿ ಪದರ ಒಂದು ಅಂಗೈ ಅಗಲದಷ್ಟಾದರೂ ದಪ್ಪ ಇರಬೇಕು. ಪೂರ್ವದ ಇಳಿಜಾರು ಮೊದಲು ಮೆತ್ತಗಾಗುತ್ತದೆ, ಆಮೇಲೆ ದಕ್ಷಿಣ, ಮಧ್ಯಾಹ್ನ ಪಶ್ಚಿಮ. ಇಳಿಯುವುದನ್ನೂ ಅದೇ ಕ್ರಮದಲ್ಲಿ ಇಟ್ಟುಕೊಂಡಿದ್ದೇನೆ. ಬೂಟು ಹಿಮ್ಮಡಿ ಗಂಟಿನ ಮೇಲಕ್ಕೆ ಹೂತರೆ, ಅಥವಾ ಬಂಡೆಯ ಕೆಳಗಿಂದ ಹಿಮದ ಉಂಡೆಗಳು ತಾವಾಗೇ ಉರುಳತೊಡಗಿದರೆ, ಗಂಟೆ ಎಷ್ಟೇ ಆಗಿರಲಿ ಅಲ್ಲಿಂದಲೇ ವಾಪಸ್. ಯಾವ ಕೊರಕಲಿನಿಂದ ಇಳಿಯುತ್ತೇನೆ, ಅದನ್ನು ಹಿಂದಿನ ಸಂಜೆ ಹೇಗೆ ಆರಿಸುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹೊಟ್ಟೆಪಾಡು.

ದುಡ್ಡಿನ ವಿಷಯಕ್ಕೆ ಬರೋಣ. ಮೊದಲ ಸೀಸನ್ ಪೂರ್ತಿ ನಷ್ಟ. ಒಂದರ ಹಿಂದೊಂದು ವೆಸ್ಟರ್ನ್ ಡಿಸ್ಟರ್ಬೆನ್ಸ್ (ಪಶ್ಚಿಮದಿಂದ ಮೋಡ, ಮಳೆ, ಹಿಮ ತರುವ ಹವಾಮಾನ) ಬಂದು ರಾತ್ರಿಯೆಲ್ಲ ಮೋಡ. ಎಂಟು ಜನರ ಗುಂಪಿಗೆ ಒಂದು ದಿನ ವಾಪಸ್ ಕೊಟ್ಟರೆ ನಲವತ್ತು ಸಾವಿರದ ಹತ್ತಿರ ಹೋಗುತ್ತದೆ. ಕೊನೆಗೆ ಒಂದೂವರೆ ಲಕ್ಷದಷ್ಟು ಕೈ ಬಿಟ್ಟಿತು. "ಸರ್, ಬಿಸಿಲು ಇಷ್ಟು ಚೆನ್ನಾಗಿದೆ, ಹೋಗೋಣ" ಅಂತ ಒಬ್ಬರು ಜಗಳವನ್ನೇ ಆಡಿದರು. ಆ ಬಿಸಿಲೇ ಅಲ್ವಾ ಅಪಾಯ! 2023ರ ಏಪ್ರಿಲ್ 4ರಂದು ಸಿಕ್ಕಿಂನ ನಾಥುಲಾ ರಸ್ತೆಯಲ್ಲಿ ಹಿಮ ಕುಸಿದು 7 ಪ್ರವಾಸಿಗರು ಸತ್ತರು. ಅದು ಮಧ್ಯಾಹ್ನದ ಹೊತ್ತು. ಏಪ್ರಿಲ್ ಬಂತು, ಇನ್ನೇನು ಭಯ ಅನ್ನುವವರಿಗೆ ಅದನ್ನೇ ಹೇಳುತ್ತೇನೆ. ಎರಡನೇ ವರ್ಷದಿಂದ ಒಂದು ಖಾಲಿ ದಿನವನ್ನು ದರದಲ್ಲೇ ಸೇರಿಸಿದೆ, ತಲೆಗೆ ಸುಮಾರು 2,500 ಜಾಸ್ತಿ. ಯಾರೂ ತಕರಾರು ಮಾಡಲಿಲ್ಲ. ಬೀಕನ್‌ಗಳನ್ನು ಸೆಕೆಂಡ್ ಹ್ಯಾಂಡ್ ತಗೊಂಡೆ, ಒಂದೊಂದಕ್ಕೆ ಹದಿನಾರು ಸಾವಿರ ಇರಬೇಕು. ಅದಕ್ಕೆ ಚಾರ್ಜ್ ಮಾಡುವ ಸೆಲ್ ಹಾಕಿ ಉಳಿಸಲು ಹೋಗಬೇಡಿ, ಎಷ್ಟು ಉಳಿದಿದೆ ಅಂತ ಸರಿಯಾಗಿ ತೋರಿಸುವುದಿಲ್ಲ. ಆಲ್ಕಲೈನೇ ಇರಲಿ.

ಹಿಮಕುಸಿತದ ಮುನ್ಸೂಚನೆ ಕೊಡುವ ಡಿಆರ್‌ಡಿಒ ಸಂಸ್ಥೆ ಡಿಜಿಆರ್‌ಇಯ ಬುಲೆಟಿನ್ ದಿನಾ ಸಂಜೆ ನೋಡುತ್ತೇನೆ. ಕೆಂಪು ಇದ್ದರೆ ಯೋಚನೆಯೇ ಇಲ್ಲ. ಆದರೆ ಅದು ಜಿಲ್ಲೆಗೆ ಬರೆದದ್ದು, ನಿಮ್ಮ ಮುಂದಿರುವ ಇಳಿಜಾರಿಗಲ್ಲ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಮೀನಿನ ತೊಟ್ಟಿಗೆ ಹಾಕುವ ವೈರ್ ಥರ್ಮಾಮೀಟರ್ ಮೂರು ತಂದು 10, 30, 60 ಸೆಂಟಿಮೀಟರ್ ಆಳಕ್ಕೆ ಹೂತೆ. ಒಂದು ನೀರು ಕುಡಿದು ಸತ್ತಿತು. ಉಳಿದೆರಡು ಮಾರ್ಚ್ ಕೊನೆಯಿಂದ ನಿಧಾನಕ್ಕೆ ಏರುತ್ತಾ ಒಂದು ವಾರದಲ್ಲಿ ಎರಡೂ ಸೊನ್ನೆಗೆ ಬಂದು ನಿಂತವು. ನನ್ನ ಮಟ್ಟಿಗೆ ಅತಿ ಕೆಟ್ಟ ಸಮಯ ಅದೇ. ನೀರು ಮೊದಲ ಸಲ ಕೆಳಗಿನ ಹಳೆಯ ಸಡಿಲ ಪದರಕ್ಕೆ ಮುಟ್ಟುತ್ತದೆ. ಆ ವಾರ ಎಷ್ಟು ಗಟ್ಟಿಯಾಗಿ ಹೆಪ್ಪುಗಟ್ಟಿದರೂ ನಾನು ಕಡಿದಾದ ಕಡೆ ಹೋಗುವುದಿಲ್ಲ. ಮರುಭೂಮಿಯ ಧೂಳು ಬಿದ್ದು ಕಂದು ಬಣ್ಣಕ್ಕೆ ತಿರುಗಿದ ಹಿಮ ಬೇಗ ಕರಗುತ್ತದೆ, ಅಂಥ ವರ್ಷ ಅರ್ಧ ಗಂಟೆ ಮೊದಲೇ ಇಳಿಯಲು ಶುರು ಮಾಡುತ್ತೇನೆ.

ಮುಂದಿನ ಮಾರ್ಚ್‌ಗೆ ಅದೇ ಥರ್ಮಾಮೀಟರ್‌ಗಳನ್ನು ಪಶ್ಚಿಮದ ಇಳಿಜಾರಿನಲ್ಲೂ ಹೂಳುತ್ತೇನೆ. ಈ ಸಲ ವೈರಿನ ತುದಿಗೆ ಎಂ-ಸೀಲ್ ಮೆತ್ತಿದ್ದೇನೆ.